ಮೆಕ್ಸಿಕೋ ರೊಟ್ಟಿಯ ಎಡೆ

ಮಂಚೇನಹಳ್ಳಿ,
೧೨ ಆಗಸ್ಟ್ ೧೯೬೭

ಚಿರಂಜೀವಿ ಚಲಪತಿಗೆ,

ನಿನ್ನ ಮಾವ ಮುನಿವೆಂಕಟಪ್ಪನ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಅಷ್ಟು ದೂರದ ಮೆಕ್ಸಿಕೋದಲ್ಲಿ ನೀನೂ, ನೀನು ಸಂಶೋಧನೆಗೆಂದು ಬೆಳೆಸುವ ಮುಸುಕಿನ ಜೋಳದ ಪೈರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಯುಗಾದಿಗೆ ಬಂದ ನಿನ್ನ ಕಾಗದಕ್ಕೆ ಶ್ರಾವಣದಲ್ಲಿ ಉತ್ತರ ಬರೆಯುತ್ತಿದ್ದೇನೆ. ಮೇಷ್ಟ್ರಾಗಿದ್ದಾಗ ತಡವಾಗಿ ಬಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು. ನೀನೂ ಎಷ್ಟೋ ಸಲ ನಿಂತಿದ್ದೀಯ. ಈಗ ನನ್ನನ್ನು ನಿಲ್ಲಿಸುವ ಸರದಿ ನಿನ್ನದು, ನಿಲ್ಲಿಸಪ್ಪ.

ಊರ ಸಮಾಚಾರ ಮೊದಲು ಹೇಳಿಬಿಡುತ್ತೇನೆ. ಗೌರಿಬಿದನೂರಿನಲ್ಲಿ ನಿಮ್ಮಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಅನ್ನುತ್ತಾಳೆ, ಆದರೂ ನಿನ್ನ ತಮ್ಮನ ಹೆಂಡತಿಗೆ ಒಂದು ಕೆಲಸವನ್ನೂ ಬಿಟ್ಟುಕೊಡುವುದಿಲ್ಲ. ನನ್ನ ಅಕ್ಕನ ಗುಣ ನನಗೆ ಗೊತ್ತಿಲ್ಲವೇ. ಮಳೆಯಿಲ್ಲದ ವರ್ಷಗಳಲ್ಲಿ ರೇಷನ್ನಿನ ಕೆಂಪು ಜೋಳ ತಿಂದು ಬದುಕಿದ್ದಾಯಿತು, ಈ ಸಲ ರಾಗಿ ಪೈರು ನೋಡಿದರೆ ಕಣ್ಣು ತಂಪಾಗುತ್ತದೆ. ಬಾವಿ ಪಕ್ಕದ ಹಿಪ್ಪುನೇರಳೆ ಸೊಪ್ಪು ಚೆನ್ನಾಗಿ ಬಂದಿದೆ. ರೇಷ್ಮೆ ಹುಳು ಸಾಕುವುದು ನಿನ್ನ ಅತ್ತೆಯ ಕೆಲಸ, ಗೂಡು ಹೊತ್ತುಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವುದು ನನ್ನ ಕೆಲಸ. ನನ್ನ ಹೊಟ್ಟೆಹುಣ್ಣು ಎಂದಿನಂತಿದೆ. ಅಪ್ಪಿತಪ್ಪಿ ಒಂದು ಹಸಿ ಮೆಣಸಿನಕಾಯಿ ಬಾಯಿಗೆ ಹೋದರೆ ಆ ದಿನ ಮುಗಿದಂತೆಯೇ.

ಇನ್ನು ಬರೆಯಲು ಕೈ ಹಿಂಜರಿಯುತ್ತಿದ್ದ ವಿಷಯಕ್ಕೆ ಬರುತ್ತೇನೆ. ಪಿತೃಪಕ್ಷ ಹತ್ತಿರವಾಗುತ್ತಿದೆ. ನಮ್ಮ ಮಗಳು ರತ್ನ ನಿನ್ನ ಕೈಹಿಡಿದು ಅಲ್ಲಿಗೆ ಬಂದು, ಆ ಹಾಳು ಜ್ವರದಲ್ಲಿ ಹೋಗಿಬಿಟ್ಟ ಮೇಲೆ ಎರಡು ಮಹಾಲಯ ಅಮಾವಾಸ್ಯೆಗಳು ಕಳೆದವು. ಎರಡು ಸಲವೂ ಹಿತ್ತಲಿನಲ್ಲಿ ಎಡೆ ಇಟ್ಟೆವು. ನಮ್ಮಪ್ಪನಿಗೊಂದು ಎಲೆ, ನಮ್ಮಮ್ಮನಿಗೊಂದು, ಕೊನೆಯಲ್ಲಿ ರತ್ನಳದು. ಕಾಗೆ ಬಂದು ನಮ್ಮಪ್ಪನ ಎಲೆಯಿಂದ ವಡೆ ಎತ್ತಿಕೊಂಡಿತು, ನಮ್ಮಮ್ಮನ ಪಾಯಸಕ್ಕೆ ಕೊಕ್ಕು ಹಾಕಿತು. ರತ್ನಳ ಎಲೆಯ ಮುಂದೆ ನಿಂತು, ತಲೆ ಓರೆ ಮಾಡಿ ನೋಡಿ, ಹಾರಿಹೋಯಿತು. ನಿನ್ನ ಅತ್ತೆ ಕೈಮುಗಿದು, ನಿನಗೇನು ಬೇಕೋ ಅದನ್ನೇ ಮಾಡುತ್ತೇನೆ, ತಿನ್ನಮ್ಮಾ ಎಂದು ಬೇಡಿಕೊಂಡಳು. ಸಂಜೆಯವರೆಗೂ ಕಾದೆವು. ಎರಡನೆಯ ವರ್ಷವೂ ಹಾಗೇ ಆಯಿತು. ಆ ಎಲೆಗೆ ಇರುವೆ ಕೂಡ ಹತ್ತಲಿಲ್ಲ. ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ, ನಿನಗೆ ಗೊತ್ತು. ಆದರೆ ಪಾಯಸದ ಎಲೆಗೆ ಇರುವೆ ಹತ್ತದೆ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹುಡುಗಿ ಬೇರೇನೋ ಕೇಳುತ್ತಿದ್ದಾಳೆ, ನೀವು ಅದನ್ನು ಇಡುತ್ತಿಲ್ಲ ಎಂದು ಪಕ್ಕದ ಮನೆಯ ಮುದುಕಿ ಚಿಕ್ಕವೆಂಕಟಮ್ಮ ಅಂದಳು. ನಿನ್ನ ಅತ್ತೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ರತ್ನ ಅಲ್ಲಿಂದ ಬರೆದ ಕಾಗದಗಳಲ್ಲಿ ಊಟದ್ದೇ ವರ್ಣನೆ ಅಲ್ಲವೇ. ಅಲ್ಲಿನವರು ಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ಸಿಪ್ಪೆ ಉಜ್ಜಿ ತೊಳೆದು, ಹಸಿಯಾಗಿಯೇ ಕಲ್ಲಿನಲ್ಲಿ ಅರೆದು, ಅಂಗೈಯಲ್ಲಿ ತಟ್ಟಿ ಸುಡುತ್ತಾರಂತೆ. ತೋರ್ತಿಯಾ ಎಂದು ಹೆಸರು. ಅದರೊಳಗೆ ಬೇಯಿಸಿ ಕಿವುಚಿದ ಕಾಳು, ಟೊಮೇಟೊ, ಈರುಳ್ಳಿ, ಹಸಿ ಮೆಣಸಿನಕಾಯಿಯ ಚಟ್ನಿ ಇಟ್ಟು, ನಿಂಬೆಹಣ್ಣು ಹಿಂಡಿ, ಮಡಿಸಿಕೊಂಡು ಬೀದಿಯಲ್ಲಿ ನಿಂತೇ ತಿನ್ನುತ್ತಾರಂತೆ. ನಾಲಿಗೆ ಇದಕ್ಕೆ ಒಗ್ಗಿಹೋಗಿದೆ, ಊರಿಗೆ ಬಂದರೆ ಮುದ್ದೆ ಇಳಿಯುತ್ತದೋ ಇಲ್ಲವೋ ಎಂದು ತಮಾಷೆಗೆ ಬರೆದಿದ್ದಳು. ನಿನ್ನ ಅತ್ತೆಗೆ ಈಗ ಅದು ತಮಾಷೆಯಲ್ಲ. ಅಮಾವಾಸ್ಯೆಗೆ ಆ ರೊಟ್ಟಿಯೇ ಆಗಬೇಕು, ಇಲ್ಲದಿದ್ದರೆ ಎಡೆಯೇ ಬೇಡ ಎಂದು ಕೂತಳು.

ಮೊದಲು ಮನೆಯಲ್ಲಿ ಮಾಡಿ ನೋಡಿದಳು. ಎಡೆಯ ಅಡುಗೆಗೆ ಸುಣ್ಣ ಸೋಕಿಸುವುದುಂಟೇ ಎಂದು ಅದೊಂದನ್ನು ಬಿಟ್ಟು, ಒಣ ಹಿಟ್ಟು ಕಲಸಿ ತಟ್ಟಿದಳು. ತವಾದ ಮೇಲೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು. ಆಮೇಲೆ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಹೋಟೆಲೆಂದರೆ ಮೂಗು ಮುರಿಯುವ ನಾನು, ಈ ವಯಸ್ಸಿನಲ್ಲಿ, ಮೆಕ್ಸಿಕೋ ಊಟ ಸಿಗುತ್ತದೆಯೇ ಎಂದು ಕೇಳುತ್ತ ಊರೂರು ತಿರುಗಿದೆ. ಚಿಕ್ಕಬಳ್ಳಾಪುರದ ಹೋಟೆಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೋಂಡ ಬಿಸಿಯಾಗಿದೆ ಎಂದ. ಚಿಂತಾಮಣಿಯ ಮಿಲಿಟರಿ ಹೋಟೆಲಿನವನು ಜೋಳದ ರೊಟ್ಟಿ ಕೊಟ್ಟ. ಚೆನ್ನಾಗಿತ್ತು, ಆದರೆ ಅದು ನಮ್ಮ ರೊಟ್ಟಿಯೇ. ಬೆಂಗಳೂರಿನ ದಂಡಿನ ಕಡೆಯ ಒಂದು ದೊಡ್ಡ ಹೋಟೆಲಿಗೂ ಹೋದೆ. ಅಲ್ಲಿ ಜೋಳದ ಗಂಜಿಗೆ ಇಂಗ್ಲಿಷ್ ಹೆಸರಿಟ್ಟು ಬಟ್ಟಲಲ್ಲಿ ತಂದರು.

ಕೊನೆಗೆ ಅದು ಸಿಕ್ಕಿದ್ದು ಶಿಡ್ಲಘಟ್ಟದಲ್ಲಿ. ನಗಬೇಡ, ಕೇಳು. ಗೂಡು ಮಾರಿ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ರೈಲಿಗೆ ಹೊರಟಿದ್ದೆ. ನೂಲು ಬಿಚ್ಚುವ ಮನೆಗಳು ಸಾಲಾಗಿರುವ ಓಣಿ, ಬೆಂದ ಹುಳುವಿನ ವಾಸನೆ ನಿನಗೆ ನೆನಪಿರಬೇಕು. ಅದರ ನಡುವೆ ಇನ್ನೊಂದು ವಾಸನೆ ಬಂತು. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಮಳೆ ಬಿದ್ದ ಹಾಗಿರುತ್ತದೆ ಎಂದು ರತ್ನ ಬರೆದಿದ್ದಳಲ್ಲ, ಅದೇ. ಹಿಂದೆಂದೂ ಮೂಸದ ವಾಸನೆ, ಆದರೂ ಕಾಲು ನಿಂತುಬಿಟ್ಟಿತು.

ಬೋರ್ಡಿಲ್ಲದ ಒಂದು ಊಟದ ಮನೆ. ತಗಡಿನ ಅರೆಬಾಗಿಲು, ಒಳಗೆ ಬೆಂಚು, ಮೂಲೆಯಲ್ಲಿ ಒಲೆ. ನಡೆಸುವವಳು ಆಂಜಿನಮ್ಮ ಎಂಬ ವಿಧವೆ. ಶಿಡ್ಲಘಟ್ಟ ಬಿಟ್ಟು ಕೋಲಾರ ಕೂಡ ನೋಡಿದವಳಲ್ಲ. ನೂಲು ಬಿಚ್ಚುವವರು ಕೆಲಸ ಮುಗಿಸಿ, ಬಿಸಿನೀರಿನಲ್ಲಿ ಬೆಳ್ಳಗಾದ ಬೆರಳುಗಳಲ್ಲಿ ಮಡಿಸಿದ ರೊಟ್ಟಿ ಹಿಡಿದು ಏನೂ ವಿಶೇಷವಿಲ್ಲವೆಂಬಂತೆ ತಿನ್ನುತ್ತಿದ್ದರು. ನಾನು ಟವಲಿನಿಂದ ಬೆಂಚು ಒರೆಸಿ ಕೂತೆ. ಆಂಜಿನಮ್ಮ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದಳು. ಬೆಂಕಿ ಸರಿ ಮಾಡಿದ್ದು ಬಲಗೈಯಲ್ಲಿ, ತಟ್ಟೆ ತೊಳೆದದ್ದು ಬಲಗೈಯಲ್ಲಿ. ರೊಟ್ಟಿಯನ್ನು ಮಾತ್ರ ಎಡಗೈಯಲ್ಲಿ ತಟ್ಟಿ, ಎಡಗೈ ಬೆರಳಲ್ಲೇ ತಿರುವಿ ಹಾಕಿದಳು. ನಮ್ಮ ರತ್ನ ಎಡಚಿ. ನಾನು ಬಲಗೈಯಲ್ಲಿ ಅಕ್ಷರ ತಿದ್ದಿಸಿದರೂ ಒಲೆಯ ಮುಂದೆ ಎಡಗೈಯೇ ಮುಂದೆ ಬರುತ್ತಿತ್ತು. ಎಡಗೈಯಲ್ಲೇಕೆ ಮಾಡುತ್ತೀಯಮ್ಮ ಎಂದು ಕೇಳಿದ್ದಕ್ಕೆ, ಬಲಗೈಯಲ್ಲಿ ಮಾಡಿದರೆ ಹರಿದುಹೋಗುತ್ತದೆ ಎಂದಳು.

ತಟ್ಟೆ ಬಂತು. ಎಲ್ಲರ ರೊಟ್ಟಿಯಲ್ಲೂ ಹಸಿರು ಚಟ್ನಿ ಇತ್ತು, ನನ್ನದರಲ್ಲಿ ಇರಲಿಲ್ಲ. ನಾನಿನ್ನೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ.

"ನಿಮಗೆ ಖಾರ ಆಗಲ್ವಂತಲ್ಲ ಸ್ವಾಮಿ" ಎಂದಳು.

ಯಾರು ಹೇಳಿದರು ಎಂದೆ. "ಕಲಿಸಿಕೊಟ್ಟ ಅಮ್ಮಾಯಿ" ಎಂದು ಒಲೆಯ ಕಡೆ ತಿರುಗಿದಳು.

ರೊಟ್ಟಿಯ ರುಚಿಯನ್ನು ಏನೆಂದು ಹೇಳಲಿ ಚಲಪತಿ. ಮೆದುವಾಗಿತ್ತು, ತುಸು ಒಗರು, ಕಾಳಿನ ಜೊತೆ ಬಾಯಲ್ಲಿ ಕರಗಿಹೋಯಿತು. ಇನ್ನೊಂದು ಬೇಕೆನಿಸಿತು. ಆದರೂ ನಾನು ಆಮೇಲೇನೂ ಕೇಳದೆ, ಕೈಯನ್ನೂ ಸರಿಯಾಗಿ ತೊಳೆಯದೆ ಎದ್ದು ಬಂದೆ. ಹೆದರಿದೆ ಅಂದುಕೋ, ಪರವಾಗಿಲ್ಲ. ರತ್ನ ಅಲ್ಲಿಂದ ಈ ಕಡೆಯ ಯಾರಿಗಾದರೂ ಈ ಅಡುಗೆ ಬರೆದು ತಿಳಿಸಿದ್ದಳೇ? ನನ್ನ ಹೊಟ್ಟೆಯ ವಿಷಯ ಯಾರಿಗಾದರೂ ಹೇಳಿದ್ದಳೇ? ನಿನಗೆ ಗೊತ್ತಿದ್ದರೆ ತಿಳಿಸು. ನಿನ್ನ ಅತ್ತೆಗೆ ರೊಟ್ಟಿ ಸಿಕ್ಕಿತು ಎಂದಷ್ಟೇ ಹೇಳಿದ್ದೇನೆ. ಚಟ್ನಿಯ ವಿಷಯ ಎತ್ತಿಲ್ಲ.

ನಿನಗೆ ಒಳ್ಳೆಯದಾಗಲಿ. ಹೊತ್ತುಹೊತ್ತಿಗೆ ಉಣ್ಣು.

ನಿನ್ನ ಮಾವ,
ಮುನಿವೆಂಕಟಪ್ಪ

—

ಮಂಚೇನಹಳ್ಳಿ,
೨ ಸೆಪ್ಟೆಂಬರ್ ೧೯೬೭

ಚಿರಂಜೀವಿ ಚಲಪತಿಗೆ ಆಶೀರ್ವಾದಗಳು.

ನಿನ್ನ ಉತ್ತರ ಬರುವ ಮೊದಲೇ ಮತ್ತೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರವೆಲ್ಲ ಹಿಂದಿನ ಕಾಗದದ ಹಾಗೇ ಇದೆ ಎಂದುಕೋ. ಈ ಕಾಗದವನ್ನು ಒಂಟಿಯಾಗಿ ಕೂತು ಓದು.

ಹೆಂಗಸರಿಂದ ಏನನ್ನಾದರೂ ಮುಚ್ಚಿಡಲು ಆಗುತ್ತದೆಯೇ. ರೊಟ್ಟಿ ಸಿಕ್ಕಿತು ಎನ್ನುವ ಮನುಷ್ಯನ ಮುಖ ಹೀಗೇಕಿದೆ ಎಂದು ನಿನ್ನ ಅತ್ತೆ ಬೆನ್ನು ಹತ್ತಿದಳು. ಎಡಗೈ, ಚಟ್ನಿ, ಕಲಿಸಿಕೊಟ್ಟ ಅಮ್ಮಾಯಿ ಎಂದು ಎಲ್ಲ ಬಾಯಿಬಿಟ್ಟೆ. ಕೈಯಲ್ಲಿದ್ದ ಮೊರ ಹಾಗೇ ಕೆಳಗಿಟ್ಟು ಕೂತುಬಿಟ್ಟಳು. ಮುಂದಿನ ಸಲ ಗೂಡು ಹಾಕಿಕೊಂಡು ಹೋಗುವಾಗ ತಾನೂ ಬರುತ್ತೇನೆಂದಳು. ಹೋಟೆಲಿನ ಹೊಸ್ತಿಲು ತುಳಿಯದ ಹೆಂಗಸು ನನಗಿಂತ ಮುಂದಾಗಿ ಆ ಓಣಿಯಲ್ಲಿ ನಡೆದಳು. ಎಲ್ಲಿ ತಿರುಗಬೇಕೆಂದು ನಾನು ಹೇಳುವ ಮೊದಲೇ ತಿರುಗುತ್ತಿದ್ದಳು.

ಮಾರುಕಟ್ಟೆ ಬರಿದಾಗಿದ್ದ ಹೊತ್ತು. ಆಂಜಿನಮ್ಮ ಒಬ್ಬಳೇ ಇದ್ದಳು. ನಿನ್ನ ಅತ್ತೆ ಒಲೆಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಕಲಿಸಿಕೊಟ್ಟ ಹುಡುಗಿಯ ವಿಷಯ ಹೇಳಮ್ಮ ಎಂದು ನೇರವಾಗಿ ಕೇಳಿದಳು. ಆಂಜಿನಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನನ್ನದೇನನ್ನೂ ಸೇರಿಸುವುದಿಲ್ಲ.

ಹೋದ ವರ್ಷ ಮಹಾಲಯ ಅಮಾವಾಸ್ಯೆಯ ಮಾರನೆಯ ದಿನವಂತೆ. ಮಧ್ಯಾಹ್ನ, ಓಣಿಯಲ್ಲಿ ಯಾರೂ ಇರಲಿಲ್ಲವಂತೆ. ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಹಸಿವು ಎಂದಳಂತೆ. ಮಾತು ಮಂಚೇನಹಳ್ಳಿ ಕಡೆಯದು. ಆ ಬಿಸಿಲಲ್ಲೂ ಹೆಗಲ ಮೇಲೆ ಪಟ್ಟೆಪಟ್ಟೆಯ ದಪ್ಪ ಶಾಲು. ಆಂಜಿನಮ್ಮ ಮುದ್ದೆ, ಸೊಪ್ಪಿನ ಸಾರು ಇಟ್ಟಳು. ಹುಡುಗಿ ಅದನ್ನೇ ನೋಡುತ್ತ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮನೆಯಲ್ಲಿ ಊಟ ಹಾಕುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ಆಂಜಿನಮ್ಮ ಮರೆತಿಲ್ಲ.

"ಇಡ್ತಾರೆ ಕಣಕ್ಕ. ತಣ್ಣಗಿರ್ತದೆ. ಹಿತ್ತಲಲ್ಲಿ ಎಲೆ ಹಾಕಿ ಇಟ್ಟುಬಿಟ್ಟು ಎಲ್ಲಾರೂ ದೂರ ನಿಂತ್ಕೋತಾರೆ."

ಆಂಜಿನಮ್ಮ ಇದನ್ನು ಬೇರೆ ರೀತಿ ಅರ್ಥ ಮಾಡಿಕೊಂಡಳು. ತಿಂಗಳ ಮುಟ್ಟಿನಲ್ಲಿ ಹೊರಗೆ ಕೂತ ಹುಡುಗಿ, ಮಡಿವಂತರ ಮನೆ, ಅದಕ್ಕೇ ಹಿತ್ತಲಿನಲ್ಲಿ ದೂರದಿಂದ ಊಟ ಇಡುತ್ತಾರೆ, ಮುನಿಸಿಕೊಂಡು ಬಂದಿದ್ದಾಳೆ ಎಂದುಕೊಂಡಳು. ನಮ್ಮ ಕಡೆಯ ಯಾವ ಹೆಂಗಸಾದರೂ ಹಾಗೇ ಅಂದುಕೊಳ್ಳುತ್ತಿದ್ದಳು. ಈಗಲೂ ಅವಳು ಹಾಗೇ ನಂಬಿದ್ದಾಳೆ. ನಾವೂ ತಿದ್ದಲಿಲ್ಲ. ಹೇಗೆ ತಿದ್ದುವುದು ಹೇಳು.

ಆಮೇಲೆ ಹುಡುಗಿ ಮುಸುಕಿನ ಜೋಳ ಇದೆಯೇ ಎಂದು ಕೇಳಿದಳಂತೆ. ಆಂಜಿನಮ್ಮನ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ಇಸಿದುಕೊಂಡಳಂತೆ. ಒಂದು ದಿನ ನೆನೆಹಾಕಿ ಹೋಗಿ, ಮರುದಿನ ಬಂದು ಅರೆದು ತಟ್ಟಿ ತೋರಿಸಿದಳು. ಹಾಗೇ ಸಂತೆಯ ದಿನಗಳಲ್ಲಿ ಬರುತ್ತಿದ್ದಳು. ಬಂದವಳೇ ಬಿಸಿ ಇದೆಯಾ ಎಂದು ಕೇಳುವಳು. ಗೋಡೆಯ ಕಡೆ ಮುಖ ಮಾಡಿ ತಿನ್ನುವಳು. ತಟ್ಟೆ ಖಾಲಿಯಾಗಿರುತ್ತಿತ್ತು, ಆದರೆ ಅವಳ ಕೈ ಒಣಗಿಯೇ ಇರುತ್ತಿತ್ತು. ಕೈತೊಳೆಯಲು ನೀರು ಕೊಟ್ಟರೆ ಬೇಡ ಎನ್ನುವಳು. ನಮ್ಮಪ್ಪ ಗೂಡು ಮಾರಲು ಬರುತ್ತಾರೆ, ಒಂದು ದಿನ ಇಲ್ಲಿಗೂ ಬರುತ್ತಾರೆ, ಬೆಂಚನ್ನು ಟವಲಿನಿಂದ ಒರೆಸದೆ ಕೂರುವುದಿಲ್ಲ, ಅವರಿಗೆ ಖಾರ ಹಾಕಬೇಡ ಎಂದಿದ್ದಳಂತೆ. ಈ ಬೇಸಿಗೆಯಿಂದ ಬಂದಿಲ್ಲ. ನಿನಗೆ ಕೈ ಕೂತಿತಲ್ಲ ಅಕ್ಕ, ಇನ್ನು ಅವರೇ ಬರಲಿ ಎಂದು ಹೇಳಿ ಹೋದವಳು ಮತ್ತೆ ಕಾಣಿಸಲಿಲ್ಲವಂತೆ.

ಹೆಸರು ಕೇಳಿದೆವು. ಕೇಳಲೇ ಇಲ್ಲ ಎಂದಳು. ನೋಡಲು ಹೇಗಿದ್ದಳು ಎಂದರೆ, ಆಂಜಿನಮ್ಮ ಸುಮ್ಮನೆ ನಿನ್ನ ಅತ್ತೆಯ ಮುಖ ನೋಡಿದಳು. ಇದೇ ಹಣೆ ಎಂದಳು.

ಶಿಡ್ಲಘಟ್ಟದಿಂದ ಹೊರಟ ಸಣ್ಣ ರೈಲಿನಲ್ಲಿ ನಿನ್ನ ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ನನಗೆ ಆ ಮುಖ ನೋಡಿಯೇ ಹೆದರಿಕೆಯಾಯಿತು. ಚಿಕ್ಕಬಳ್ಳಾಪುರ ಹತ್ತಿರ ಬಂದಾಗ ಬಾಯಿಬಿಟ್ಟಳು.

"ಅವಳು ಸತ್ತಿಲ್ಲ ಕಣ್ರೀ. ಸತ್ತೋರು ಬಿಸಿ ಇದೆಯಾ ಅಂತ ಕೇಳ್ತಾರಾ?"

ಅವಳ ಲೆಕ್ಕ ಹೀಗಿದೆ, ನಿನ್ನಿಂದ ಮುಚ್ಚಿಡುವುದಿಲ್ಲ. ನಿನಗೂ ರತ್ನಳಿಗೂ ಏನೋ ಜಗಳವಾಗಿರಬೇಕು. ಅವಳು ಬಿಟ್ಟು ಬಂದಿರಬೇಕು. ಗಂಡನನ್ನು ಬಿಟ್ಟವಳೆಂದು ಊರಿಗೆ ಮುಖ ತೋರಿಸಲಾರದೆ ಎಲ್ಲೋ ಹತ್ತಿರದಲ್ಲೇ ಇದ್ದಾಳೆ. ನೀನು ಮಾನಕ್ಕೆ ಅಂಜಿ ಜ್ವರದ ಕಥೆ ಕಟ್ಟಿದ್ದೀಯ. ನಾನು ಬೈದೆ. ಚಲಪತಿ ನನ್ನ ಅಕ್ಕನ ಮಗ, ನನ್ನ ಕಣ್ಣೆದುರಿಗೆ ಬೆಳೆದವನು, ಅಂಥವನಲ್ಲ ಎಂದೆ. ಹಿತ್ತಲಿನ ಎಲೆಯ ಮಾತು ಹೇಗೆ ಬಂತು ಎಂದೂ ಕೇಳಿದೆ. ನಾವು ಎಡೆ ಇಡುವುದನ್ನು ಎಲ್ಲಿಂದಲೋ ನಿಂತು ನೋಡಿರಬೇಕು ಎಂದಳು. ಅವಳ ಹತ್ತಿರ ಎಲ್ಲದಕ್ಕೂ ಉತ್ತರವಿದೆ. ಅಂದಿನಿಂದ ನಮ್ಮ ಮನೆಯ ಹಿತ್ತಲಿನ ಬಾಗಿಲಿಗೆ ಅಗಳಿ ಹಾಕುವುದಿಲ್ಲ. ಸಂತೆಯ ದಿನ ಬಂದರೆ ಸಾಕು, ಗೂಡಿರಲಿ ಬಿಡಲಿ, ಆಂಜಿನಮ್ಮನ ಒಲೆಯ ಹತ್ತಿರ ಹೋಗಿ ಕೂರುತ್ತಾಳೆ. ಸುಮ್ಮನೆ ಕೂರಲಾರದೆ ಎಡಗೈಯಲ್ಲಿ ತಟ್ಟುವುದನ್ನೂ ಕಲಿತಳು. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ತಲೆಯೆತ್ತುತ್ತಾಳೆ.

ಅವಳನ್ನು ಹುಚ್ಚಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೈದವನು ನಾನೇ, ಆದರೆ ರೈಲು ಇಳಿದ ಮೇಲೆ ಸ್ಟೇಷನ್ನಿನಲ್ಲಿ ಹೆಗಲ ಮೇಲೆ ಶಾಲು ಹೊದ್ದ ಪ್ರತಿಯೊಬ್ಬ ಹೆಂಗಸಿನ ಮುಖ ನೋಡಿದವನೂ ನಾನೇ. ಅದಕ್ಕೇ ಕೇಳುತ್ತಿದ್ದೇನೆ ಚಲಪತಿ. ಕೋಪ ಮಾಡಿಕೊಳ್ಳಬೇಡ. ಅವಳು ಹೋದದ್ದನ್ನು ನೀನು ಕಣ್ಣಾರೆ ಕಂಡೆಯಾ? ಮಣ್ಣು ಮಾಡುವಾಗ ನೀನು ಅಲ್ಲಿ ಇದ್ದೆಯಾ? ಇಷ್ಟು ಬರೆದು ಕಳಿಸು. ಅಮಾವಾಸ್ಯೆ ಅಕ್ಟೋಬರ್ ಮೂರಕ್ಕೆ. ಬದುಕಿರುವವಳಿಗೆ ಎಡೆ ಇಡಬಾರದು, ಸತ್ತವಳನ್ನು ಹಸಿದಿರಲು ಬಿಡಬಾರದು. ಎರಡರಲ್ಲಿ ಯಾವುದು ಎಂದು ನೀನೊಬ್ಬನೇ ಹೇಳಬಲ್ಲೆ.

ನಿನ್ನ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ದೇವರು ನಿನ್ನನ್ನು ಕಾಪಾಡಲಿ.

ಮುನಿವೆಂಕಟಪ್ಪ

—

ಮಂಚೇನಹಳ್ಳಿ,
೪ ಅಕ್ಟೋಬರ್ ೧೯೬೭

ಚಿರಂಜೀವಿ ಚಲಪತಿಗೆ,

ಮಾವನ ಆಶೀರ್ವಾದ. ನಿನ್ನ ಕಾಗದ ಅಮಾವಾಸ್ಯೆಗೆ ಮುಂಚೆಯೇ ಕೈಸೇರಿತು. ಕೇಳಬಾರದ್ದನ್ನು ಕೇಳಿದ್ದಕ್ಕೆ ನೀನು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ನನ್ನ ಅಕ್ಕ ನಿನ್ನನ್ನು ಚೆನ್ನಾಗಿ ಬೆಳೆಸಿದ್ದಾಳೆ.

ನಿನ್ನ ಕಾಗದವನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಕೊನೆಯ ರಾತ್ರಿಯೆಲ್ಲ ರತ್ನಳ ತಲೆ ನಿನ್ನ ತೊಡೆಯ ಮೇಲಿತ್ತು ಎಂಬುದನ್ನೂ, ಸುಡುವ ಪದ್ಧತಿ ಆ ಹಳ್ಳಿಯಲ್ಲಿ ಇಲ್ಲದ್ದರಿಂದ ನೀನೇ ಗುಂಡಿಗಿಳಿದು ಮಲಗಿಸಿ, ಮೊದಲ ಹಿಡಿ ಮಣ್ಣು ಹಾಕಿದೆ ಎಂಬುದನ್ನೂ ಬಿಡದೆ ಓದಿದೆ. ಆ ಪಟ್ಟೆಯ ಶಾಲನ್ನು ನಿಮ್ಮ ಮನೆಯೊಡತಿ ಮುದುಕಿ ಹೊದಿಸಿದ್ದು ಎಂದು ಬರೆದಿದ್ದೀಯ. ನಾನು ಶಾಲಿನ ಬಣ್ಣವನ್ನು ನಿನಗೆ ಬರೆದಿರಲಿಲ್ಲ. ನೀನು ಬರೆದದ್ದು ಕೆಂಪು, ಕಪ್ಪು. ಆಂಜಿನಮ್ಮ ಹೇಳಿದ್ದೂ ಅದೇ.

ಅದರ ಮುಂದೆ ನೀನು ಬರೆದದ್ದನ್ನು ಅತ್ತೆ ಎರಡನೆಯ ಸಲ ಓದಿಸಿದಳು. ಅಲ್ಲಿಯೂ ಜೋಳ ಕೊಯ್ಯುವ ಕಾಲಕ್ಕೆ ಸತ್ತವರಿಗೆ ಊಟ ಇಡುತ್ತಾರೆ, ಸತ್ತವರು ಬಂದು ತಿಂದರೆ ಮರುದಿನ ಆ ಅಡುಗೆಯಲ್ಲಿ ವಾಸನೆಯೂ ರುಚಿಯೂ ಇರುವುದಿಲ್ಲ, ಮುದುಕಿ ರತ್ನಳಿಗೂ ತಪ್ಪದೆ ಒಂದು ತಟ್ಟೆ ಇಡುತ್ತಾಳೆ. ಮೊದಲ ವರ್ಷ ರತ್ನ ತಿಂದಿದ್ದಳು. ಹೋದ ವರ್ಷ ಮಾತ್ರ ರೊಟ್ಟಿ ಮರುದಿನವೂ ಘಮಘಮ ಎನ್ನುತ್ತಿತ್ತು. ಮುದುಕಿ ಅದನ್ನು ಮೂಸಿ, ನಿನ್ನ ಹೆಂಡತಿ ಇಲ್ಲಿಲ್ಲ ಕಣಪ್ಪ, ಅವರಮ್ಮನ ಮನೆಗೆ ಹೋಗಿದ್ದಾಳೆ ಎಂದಳು. ಇದನ್ನು ನಮಗೆ ಬರೆಯಲು ನೀನು ವರ್ಷವೆಲ್ಲ ಹಿಂಜರಿದೆಯಂತೆ. ನಾನಾಗಿದ್ದರೂ ಹಿಂಜರಿಯುತ್ತಿದ್ದೆ.

ಓದಿ ಮುಗಿಸಿದ ಮೇಲೆ ನಿನ್ನ ಅತ್ತೆ ಸೆರಗಿನ ತುದಿ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಮತ್ತೆ ಜಗಳ ತೆಗೆಯುತ್ತಾಳೆ, ಶಾಲಿಗೂ ಏನೋ ಉತ್ತರ ಹೊಂದಿಸುತ್ತಾಳೆ ಎಂದು ನಾನು ಕಾದೆ. ಕಾದೆ ಎನ್ನುವುದಕ್ಕಿಂತ ಆಸೆಪಟ್ಟೆ.

"ಅವಳು ಹಸ್ಕೊಂಡು ಅಲೀತಾ ಇರೋದಕ್ಕಿಂತ ಸತ್ತಿರೋದೇ ವಾಸಿ ಕಣ್ರೀ" ಎಂದಳು. ಎದ್ದು ಹೋಗಿ ಸುಣ್ಣದ ಡಬ್ಬಿ ತಂದು ಜೋಳ ಬೇಯಲು ಇಟ್ಟಳು.

ನಿನ್ನೆ ಎಡೆ ಇಟ್ಟೆವು. ಹಿರಿಯರ ಎಲೆಗಳಿಗೆ ವಡೆ, ಪಾಯಸ, ಅನ್ನ ಎಲ್ಲ ಬಡಿಸಿದಳು. ರತ್ನಳ ಎಲೆಯನ್ನು ಬರಿದಾಗಿಯೇ ಹಾಕಿ, ಅದರ ಪಕ್ಕದಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಎಡೆ ಇಟ್ಟ ಮೇಲೆ ದೂರ ಸರಿಯಬೇಕು, ಇಲ್ಲದಿದ್ದರೆ ಅವರು ಬರುವುದಿಲ್ಲ ಎಂದು ಚಿಕ್ಕವೆಂಕಟಮ್ಮ ಬೇಲಿಯಾಚೆಯಿಂದ ಗದರಿದಳು. ನಿನ್ನ ಅತ್ತೆ ತಲೆಯೆತ್ತಲಿಲ್ಲ. ಎಡಗೈಯಲ್ಲಿ ತಟ್ಟಿ, ತವಾದ ಮೇಲೆ ಹಾಕಿ, ಉಬ್ಬಿ ಬಂದದ್ದನ್ನು ಹಾಗೇ ಹಬೆಯಾಡುವಂತೆ ಎಲೆಗೆ ಇಟ್ಟಳು. ಕಾಳು ಹಾಕಿ, ಹಸಿರು ಚಟ್ನಿ ಬಡಿಸಿ, ನಿಂಬೆಹಣ್ಣು ಹಿಂಡಿ ಮಡಿಸಿದಳು.

ಕಾಗೆ ಯಾವಾಗ ಬಂತೋ ನಾನು ನೋಡಲಿಲ್ಲ. ಕೂಗಲಿಲ್ಲ, ರೆಕ್ಕೆಯ ಸದ್ದೂ ಕೇಳಿಸಲಿಲ್ಲ. ನೋಡಿದಾಗ ಎಲೆಯ ಅಂಚಿನಲ್ಲಿ ಇತ್ತು, ಬೆಂಕಿಗೂ ಹೆದರದೆ, ನಿನ್ನ ಅತ್ತೆಯ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ. ನಮ್ಮಪ್ಪನ ಎಲೆ, ನಮ್ಮಮ್ಮನ ಎಲೆಯ ಕಡೆ ತಿರುಗಿಯೂ ನೋಡಲಿಲ್ಲ. ರೊಟ್ಟಿ ತಿಂದು ಮುಗಿಸಿ, ಹಾರಿಹೋಗದೆ, ತವಾ ನೋಡುತ್ತ ನಿಂತಿತು. ನಿನ್ನ ಅತ್ತೆ ಇನ್ನೊಂದು ಹಾಕಿದಳು. ಅದೂ ಆಯಿತು. ಹಿಟ್ಟು ಮುಗಿಯುವವರೆಗೂ ಅವಳು ತಟ್ಟಿ ಇಡುತ್ತಲೇ ಇದ್ದಳು, ಅದು ತಿನ್ನುತ್ತಲೇ ಇತ್ತು. ಅಷ್ಟು ಸಣ್ಣ ಹೊಟ್ಟೆಯೊಳಗೆ ಅದೆಲ್ಲ ಎಲ್ಲಿ ಹೋಯಿತೋ ದೇವರೇ ಬಲ್ಲ. ಕೊನೆಗೆ ಕೊಕ್ಕನ್ನು ಎಲೆಗೆ ಒಂದೆರಡು ಸಲ ಒರೆಸಿ ಹೋಯಿತು. ನಾನು ಬಗ್ಗಿ ಎಲೆಯನ್ನು ಮೂಸಿದೆ. ನಿಂಬೆಹಣ್ಣಿನದ್ದಾಗಲಿ, ಸುಣ್ಣದ್ದಾಗಲಿ, ಬಾಳೆಯೆಲೆಯದ್ದಾಗಲಿ ಯಾವ ವಾಸನೆಯೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಆಂಜಿನಮ್ಮನಿಗೆ ಒಂದು ಮಾತು ಹೇಳಿ ಬರೋಣವೆಂದು ಶಿಡ್ಲಘಟ್ಟಕ್ಕೆ ಹೋಗಿಬಂದೆ. ಅವಳು ಒಲೆಯ ಮುಂದೆ ಹರಿದ ರೊಟ್ಟಿಗಳ ರಾಶಿ ಇಟ್ಟುಕೊಂಡು ಕೂತಿದ್ದಳು. ನೂಲು ಬಿಚ್ಚುವವರು ಬೈದುಕೊಂಡು ಎದ್ದುಹೋಗಿದ್ದರು. ನಿನ್ನೆ ಮಧ್ಯಾಹ್ನದಿಂದ ಎಡಗೈ ಸುಮ್ಮನೆ ಎಡಗೈಯಾಗಿಬಿಟ್ಟಿದೆ, ತಟ್ಟಲು ಹೋದರೆ ಹಿಟ್ಟು ನಿಲ್ಲುತ್ತಿಲ್ಲ ಎಂದಳು. ಕೈಯನ್ನು ತಿರುಗಿಸಿ ತಿರುಗಿಸಿ ನನಗೆ ತೋರಿಸಿದಳು. ಆ ಅಮ್ಮಾಯಿ ಸಿಕ್ಕಿದರೆ ಇನ್ನೊಂದು ಸಲ ಕಲಿಸಿಕೊಡಲು ಹೇಳಿ ಸ್ವಾಮಿ ಎಂದಳು. ಹೇಳುತ್ತೇನೆ ಎಂದು ಬಂದೆ.

ಇನ್ನೇನು ಬರೆಯಲಿ. ರತ್ನಳಿಗೆ ತೃಪ್ತಿಯಾಯಿತು, ನಮ್ಮ ಕರ್ತವ್ಯ ಮುಗಿಯಿತು ಎಂದು ಊರಿನವರು ಬಂದು ಹೇಳಿ ಹೋಗುತ್ತಿದ್ದಾರೆ. ನಿನ್ನ ಮನೆಯೊಡತಿ ಮುದುಕಿಗೆ ನಮ್ಮಿಬ್ಬರ ನಮಸ್ಕಾರ ಹೇಳು. ಈ ವರ್ಷ ಅವಳು ತಟ್ಟೆ ಇಡದಿದ್ದರೂ ಬೇಸರವಿಲ್ಲ ಎಂದು ತಿಳಿಸು. ನೀನಿನ್ನೂ ಚಿಕ್ಕವನು. ಒಳ್ಳೆಯ ಹುಡುಗಿಯನ್ನು ನೋಡಿ ಮನೆ ಮಾಡಿಕೋ. ಇದು ನಿನ್ನ ಅತ್ತೆಯ ಮಾತೂ ಹೌದು. ನೂರು ಕಾಲ ಬಾಳು ಮಗನೆ.

ನಿನ್ನ ಮಾವ,
ಮುನಿವೆಂಕಟಪ್ಪ

ಮತ್ತೊಂದು ಮಾತು: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ. ಆ ಎರಡು ವರ್ಷ ಕಾಗೆ ರತ್ನಳ ಎಲೆ ಮುಟ್ಟದೆ ಹೋದಾಗ ಊರೆಲ್ಲ ಅಯ್ಯೋ ಎಂದಿತು. ನಾವಿಬ್ಬರೂ ತಲೆ ತಗ್ಗಿಸಿಕೊಂಡು ಒಳಗೆ ಬಂದು, ಬಾಗಿಲು ಹಾಕಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಹೊಟ್ಟೆ ತುಂಬ ಉಂಡೆವು. ನಿನ್ನ ಅತ್ತೆ ಕೇಳಿ ಕೇಳಿ ಬಡಿಸಿದಳು, ನಾನು ಬೇಡ ಎನ್ನಲಿಲ್ಲ. ಕಾಗೆ ಮುಟ್ಟಲಿಲ್ಲವಲ್ಲ, ಎಲ್ಲೋ ಬದುಕಿದ್ದಾಳೇನೋ ಎಂಬ ಒಂದೇ ಸಂತೋಷದ ಮೇಲೆ ನಾವಿಬ್ಬರೂ ಇಷ್ಟು ದಿನ ಬದುಕಿದ್ದು. ನಿನ್ನೆ ಮಾಡಿದ ಅನ್ನ, ವಡೆ, ಪಾಯಸ ಎಲ್ಲ ಒಳಗೆ ಹಾಗೇ ಇದೆ, ಹಳಸುತ್ತಿದೆ. ನಾವಿನ್ನೂ ಊಟ ಮಾಡಿಲ್ಲ ಚಲಪತಿ.